ಕೊನೇ ಬ್ಯಾಗ್ ಎಷ್ಟೊತ್ತಿಗೆ ಬಂತು?

ವಿಮಾನ ಇಳಿದು ಬಂದ್ರೆ ನಿಲ್ದಾಣದಲ್ಲಿ ಬ್ಯಾಗ್ ಬರೋ ಬೆಲ್ಟ್ ತಿರುಗ್ತಾ ಇರುತ್ತೆ, ಮೇಲೆ ಒಂದು ಬ್ಯಾಗೂ ಇರಲ್ಲ. ಸುತ್ತ ನಿಂತವರೆಲ್ಲ ಬೆಲ್ಟನ್ನೇ ಬೈತಾರೆ. ಪಾಪ, ಅದರದ್ದೇನೂ ತಪ್ಪಿಲ್ಲ. ಹೊತ್ತು ಹೋಗೋದು ಗೋಡೆಯ ಆಚೆ ಕಡೆ.

2024ರ ಫೆಬ್ರವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಏಳು ವಿಮಾನ ಕಂಪನಿಗಳಿಗೆ ತಾಕೀತು ಮಾಡಿತು. ಎಂಜಿನ್ ಆಫ್ ಆದ 10 ನಿಮಿಷದೊಳಗೆ ಮೊದಲ ಬ್ಯಾಗ್, 30 ನಿಮಿಷದೊಳಗೆ ಕೊನೇ ಬ್ಯಾಗ್ ಬೆಲ್ಟಿಗೆ ಬರಬೇಕು ಅಂತ. ಹೊಸ ನಿಯಮವೇನಲ್ಲ, ನಿಲ್ದಾಣ ನಡೆಸೋ ಒಪ್ಪಂದದಲ್ಲಿ ಮೊದಲೇ ಇದ್ದ ಮಾತು.

30 ನಿಮಿಷ ಸಾಲುತ್ತಾ? ಲೆಕ್ಕ ಹಾಕಿ. ಒಂದು ಎ320 ವಿಮಾನದಲ್ಲಿ 120 ಬ್ಯಾಗ್ ಇದೆ ಅಂದ್ಕೊಳ್ಳಿ. ದೇಶದೊಳಗಿನ ಹಾರಾಟಗಳಲ್ಲಿ ಹೆಚ್ಚಾಗಿ ಬ್ಯಾಗುಗಳನ್ನ ಬಿಡಿಬಿಡಿಯಾಗಿ ಪೇರಿಸಿರ್ತಾರೆ. ಒಳಗೆ ನೆಟ್ಟಗೆ ನಿಲ್ಲೋಕೂ ಜಾಗ ಇಲ್ಲ. ಒಬ್ಬರು ಬಗ್ಗಿಕೊಂಡೇ ಒಂದೊಂದನ್ನೂ ಬೆಲ್ಟ್ ಲೋಡರ್ (ವಿಮಾನದಿಂದ ಬ್ಯಾಗ್ ಕೆಳಗಿಳಿಸೋ ಗಾಡಿ) ಮೇಲೆ ಎಳೆದು ಹಾಕಬೇಕು. ನಿಮಿಷಕ್ಕೆ 10 ಅಂದ್ರೂ 12 ನಿಮಿಷಕ್ಕೆ ಹೊಟ್ಟೆ ಖಾಲಿ. ಹಿಂದೆ ಮುಂದೆ ಎರಡೂ ಬಾಗಿಲಲ್ಲಿ ಲೋಡರ್ ಹಚ್ಚಿದ್ರೆ ಇನ್ನೂ ಬೇಗ. ಸಾಲುತ್ತೆ.

ಕೆಡೋದು ಆಮೇಲೆ. ಮೊದಲ ಎರಡು ಟ್ರಾಲಿ ತುಂಬಿದ ತಕ್ಷಣ ಟ್ರ್ಯಾಕ್ಟರ್ ಹೊರಟ್ರೆ 10 ನಿಮಿಷದ ಮಾತು ಉಳಿಯುತ್ತೆ. ಆದ್ರೆ ಉಳಿದ ಟ್ರಾಲಿಗಳಿಗೆ ಇನ್ನೊಂದು ಟ್ರ್ಯಾಕ್ಟರ್, ಇನ್ನೊಬ್ಬ ಡ್ರೈವರ್ ಬೇಕಲ್ಲ? ಇರಲ್ಲ. ಹಾಗಾಗಿ ಎಲ್ಲ ಟ್ರಾಲಿ ತುಂಬೋವರೆಗೂ ಗಾಡಿ ಅಲ್ಲೇ. ಇಲ್ಲಾಂದ್ರೆ ಹೆಸರಿಗೆ ನಾಲ್ಕು ಬ್ಯಾಗ್ ಬೇಗ ಕಳಿಸಿ, ಮಿಕ್ಕಿದ್ದಕ್ಕೆ ಕಾಯಿಸ್ತಾರೆ. ಅದೇ ಹುಡುಗರು ಮುಂದಿನ ಹಾರಾಟದ ಬ್ಯಾಗೂ ತುಂಬಬೇಕು. ವಿಮಾನ ತಡವಾದ್ರೆ ಕಂಪನಿ ದುಡ್ಡು ಹೋಗುತ್ತೆ, ಬ್ಯಾಗ್ ತಡವಾದ್ರೆ ಹೋಗೋದು ನಿಮ್ಮ ಹೊತ್ತು. ಟ್ರ್ಯಾಕ್ಟರ್ ಯಾವ ಕಡೆ ಓಡುತ್ತೆ, ನೀವೇ ಹೇಳಿ.

ನಿಜವಾದ ಅಡ್ಡಿಗಳೂ ಇವೆ. ಹತ್ತಿರದಲ್ಲಿ ಸಿಡಿಲಿದ್ರೆ ಬಯಲಲ್ಲಿ ಕೆಲಸ ನಿಲ್ಲಿಸಲೇಬೇಕು, ಅದಕ್ಕೆ ಯಾರನ್ನೂ ದೂರೋ ಹಾಗಿಲ್ಲ. ವಿದೇಶದಿಂದ ಬಂದ ಬ್ಯಾಗಿಗೆ ಕಸ್ಟಮ್ಸ್ ಎಕ್ಸ್‌ರೇ ಬೇರೆ. 'ಪ್ರಯಾರಿಟಿ' ಚೀಟಿ ಅಂಟಿಸಿದ ಬ್ಯಾಗನ್ನ ಬಾಗಿಲ ಹತ್ತಿರವೇ ಇಟ್ಟಿರ್ತಾರೆ, ಸರಿ. ಇಳಿಸಿದ ಮೇಲೆ ಬೇರೆ ಟ್ರಾಲಿಗೆ ಹಾಕದೇ ಹೋದ್ರೆ ಆ ಚೀಟಿ ಬರೀ ಅಲಂಕಾರ.

ನನ್ನ ಕೇಳಿಕೆ ಒಂದೇ. ಬೆಲ್ಟ್ ಮೇಲಿನ ಪರದೆಯಲ್ಲಿ ಪ್ರತಿ ಹಾರಾಟಕ್ಕೂ ಎಂಜಿನ್ ನಿಂತ ಹೊತ್ತು, ಕೊನೇ ಬ್ಯಾಗ್ ಬಿದ್ದ ಹೊತ್ತು, ಎರಡನ್ನೂ ಹಾಕಿ. ಆಮೇಲೆ ವೆಬ್‌ಸೈಟಲ್ಲೂ ಇಡಿ. ತಿಂಗಳ ಸರಾಸರಿ ತೋರಿಸಬೇಡಿ. ಮಧ್ಯರಾತ್ರಿ ನಾಲ್ಕು ವಿಮಾನ ಒಟ್ಟಿಗೆ ಇಳಿದಾಗ ಆಗೋ ಪಾಡು ಸರಾಸರಿಯಲ್ಲಿ ಕಾಣಲ್ಲ.

ಬ್ಯಾಗ್ ಬರಲೇ ಇಲ್ವಾ? ಹಾಲ್‌ನಿಂದ ಹೊರಗೆ ಕಾಲಿಡೋ ಮುಂಚೆ ಕಂಪನಿ ಕೌಂಟರಲ್ಲಿ ಪಿಐಆರ್ (ಬ್ಯಾಗ್ ಬಂದಿಲ್ಲ ಅನ್ನೋ ವರದಿ) ಬರೆಸಿ, ಪ್ರತಿ ಇಸ್ಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಗಡುವು ಹೀಗಿದೆ: ಬ್ಯಾಗ್ ಹಾಳಾಗಿದ್ರೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದಿದ್ರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಚೆಕ್‌ಇನ್‌ನಲ್ಲಿ ಕೊಟ್ಟ ಟ್ಯಾಗಿನ ಚೂರನ್ನ ಅಲ್ಲೀವರೆಗೂ ಬಿಸಾಕಬೇಡಿ, ಬ್ಯಾಗ್ ಹುಡುಕೋದೇ ಅದರ ಮೇಲಿನ 10 ಅಂಕಿಯಿಂದ.