ಪಾಠ ಹೇಳುವವರಿಗೆ ವಿದೇಶಾಂಗ ಇಲಾಖೆಯಲ್ಲಿ ಏನು ಕೆಲಸ?

ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಕಡೆ ಬಿ.ಎ. ಓದುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮ ಈಗ ರೇಡಿಯೋ ಹಚ್ಚಿಕೊಂಡಿದ್ದಾರೆ ಅಂದುಕೊಂಡೇ ಮಾತಾಡುತ್ತೇನೆ. "ರಾಜ್ಯಶಾಸ್ತ್ರ ಓದಿ ಏನು ಮಾಡ್ತೀಯಾ?" ಅಂತ ಮನೆಯಲ್ಲಿ ಕೇಳುತ್ತೀರಲ್ಲ, ಅದಕ್ಕೆ ಇವತ್ತು ಒಬ್ಬರ ಬದುಕನ್ನೇ ಉತ್ತರವಾಗಿ ಇಡುತ್ತೇನೆ.

ಅವರು ಜೋಸೆಫ್ ನೈ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. 2025ರ ಮೇ ತಿಂಗಳಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಸರ್ಕಾರ ಅವರನ್ನು ಕರೆಯಿತು. ಅಣ್ವಸ್ತ್ರ ಹೊಸ ದೇಶಗಳಿಗೆ ಹರಡದಂತೆ ನೋಡಿಕೊಳ್ಳುವ ಕೆಲಸ. ಅದನ್ನು ಮಾಡಿ 1979ರಲ್ಲಿ ತರಗತಿಗೆ ವಾಪಸ್ ಬಂದರು. ಕ್ಲಿಂಟನ್ ಕಾಲದಲ್ಲಿ ಮತ್ತೆ ಹೋದರು, ರಕ್ಷಣಾ ಇಲಾಖೆಯಲ್ಲಿ ದೊಡ್ಡ ಹುದ್ದೆ ನೋಡಿಕೊಂಡರು. ಮತ್ತೆ ಬಂದು ಪಾಠ ಹೇಳಿದರು. ನಾನು ಹೇಳಬೇಕಾದ್ದು ಇದೊಂದೇ. ಓದಿದವರು ಅಧಿಕಾರದ ಹತ್ತಿರ ಹೋಗಬೇಕು, ಹೋದವರು ತಿರುಗಿ ಬಂದು ಮಕ್ಕಳಿಗೆ ಹೇಳಬೇಕು.

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. 1980ರ ದಶಕದ ಕೊನೆ. ಅಮೆರಿಕದ ಕಥೆ ಮುಗಿಯಿತು, ಇನ್ನು ಇಳಿಗಾಲ ಅಂತ ಅಲ್ಲಿನ ಪಂಡಿತರೆಲ್ಲ ಬರೆಯುತ್ತಿದ್ದರು. ನೈ ಅವರಿಗೆ ಒಪ್ಪಿಗೆ ಇರಲಿಲ್ಲ. ಮನೆಯ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಲೆಕ್ಕಕ್ಕೆ ಕೂತರು. ಸೈನ್ಯ ಎಷ್ಟು, ಹಣ ಎಷ್ಟು? ಎರಡನ್ನೂ ಕೂಡಿಸಿದರೂ ಲೆಕ್ಕ ತಾಳೆಯಾಗಲಿಲ್ಲ. ಏನೋ ಬಿಟ್ಟುಹೋಗಿದೆ! ನಮ್ಮ ಊರುಗಳಲ್ಲೇ ನೋಡಿ. ಒಬ್ಬ ಹೆದರಿಸಿ ಕೆಲಸ ಮಾಡಿಸುತ್ತಾನೆ, ಇನ್ನೊಬ್ಬ ದುಡ್ಡು ಕೊಟ್ಟು ಮಾಡಿಸುತ್ತಾನೆ. ಕಟ್ಟೆ ಮೇಲೆ ಕೂತ ಒಬ್ಬ ಹಿರಿಯರ ಮಾತನ್ನು ಮಾತ್ರ ಊರೇ ತಾನಾಗಿ ಕೇಳುತ್ತದೆ, ಅಲ್ವಾ? ಆ ಮೂರನೆಯದನ್ನು, ಹೆದರಿಸದೆ ದುಡ್ಡು ಕೊಡದೆ ಒಲಿಸಿಕೊಳ್ಳುವ ಬಲವನ್ನು, ಅವರು ಸಾಫ್ಟ್ ಪವರ್ ಅಂದರು. 1990ರಲ್ಲಿ ಪುಸ್ತಕದಲ್ಲಿ ಬರೆದರು. 2007ರಲ್ಲಿ ಬೀಜಿಂಗ್‌ನಲ್ಲಿ, ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನದಲ್ಲಿ, ಚೀನಾ ಅಧ್ಯಕ್ಷ ಹು ಜಿಂಟಾವ್ ಎದ್ದು ನಿಂತು ನಮ್ಮ ದೇಶವೂ ಸಾಫ್ಟ್ ಪವರ್ ಬೆಳೆಸಿಕೊಳ್ಳಬೇಕು ಅಂದರು. ಎಲ್ಲಿಯ ಅಡುಗೆಮನೆ, ಎಲ್ಲಿಯ ಬೀಜಿಂಗ್!

ಈ ಯೋಚನೆ ಸುಮ್ನೆ ಪುಸ್ತಕ ಓದಿ ಬಂದದ್ದಲ್ಲ ಅಂತ ನನ್ನ ನಂಬಿಕೆ. 1977ರಲ್ಲಿ ಅಣುಬಾಂಬ್ ಮಾಡಲು ಬಳಸುವ ಪ್ಲುಟೋನಿಯಂ ವಿಚಾರಕ್ಕೆ ಬೇರೆ ದೇಶಗಳನ್ನು ಗದರಿಸಿದರೆ ಕೆಲಸ ಆಗುತ್ತಿರಲಿಲ್ಲ. 40ಕ್ಕೂ ಹೆಚ್ಚು ದೇಶಗಳನ್ನು ಒಟ್ಟಿಗೆ ಕೂರಿಸಿ ಅಧ್ಯಯನ ಮಾಡಿಸಬೇಕಾಯಿತು. ಆ ಕುರ್ಚಿಯಲ್ಲಿ ಕೂತು ಬಂದವರಿಗೇ ಈ ಲೆಕ್ಕ ಹೊಳೆಯೋದು. ಅದಕ್ಕೇ ಹೇಳಿದ್ದು, ಹೋಗಬೇಕು, ಬರಬೇಕು.

 

ನಮ್ಮಲ್ಲೂ ಇದು ಹೊಸದಲ್ಲ. ಇತಿಹಾಸಕಾರ ಕೆ.ಎಂ. ಪಣಿಕ್ಕರ್ ಚೀನಾಕ್ಕೆ ರಾಯಭಾರಿಯಾಗಿ ಹೋದರು. ವಿದೇಶಾಂಗ ಸಚಿವರಾದ ಎಸ್. ಜೈಶಂಕರ್ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಆದರೂ ವಿದೇಶಾಂಗ ನೀತಿ ಅಂದರೆ ದೆಹಲಿಯವರ ವಿಷಯ ಅಂತ ನಾವು ಕೈ ತೊಳೆದುಕೊಳ್ಳುತ್ತೇವೆ. ಇದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ದಾವಣಗೆರೆ ಎಪಿಎಂಸಿಗೆ ಹೋಗಿ ನೋಡಿ. ಮೆಕ್ಕೆಜೋಳದ ರಾಶಿ ಮುಂದೆ ರೈತ ನಿಂತಿರುತ್ತಾನೆ, ಖರೀದಿದಾರ ಹಿಡಿ ಕಾಳು ತೆಗೆದು ತೇವಾಂಶದ ಮೆಷಿನ್‌ಗೆ ಹಾಕುತ್ತಾನೆ. ಅದೇ ಮೆಕ್ಕೆಜೋಳವನ್ನು ನಮ್ಮಿಂದ ಕೊಳ್ಳಿ ಅಂತ ಅಮೆರಿಕ 2025ರಲ್ಲಿ ಭಾರತವನ್ನು ಒತ್ತಾಯಿಸಿತು. ಆ ಮಾತುಕತೆಯ ಮೇಜಿನಲ್ಲಿ ಈ ರಾಶಿಯನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಬೇಡವೇ?

ಮಕ್ಕಳೇ, ವಿದೇಶಾಂಗ ಸೇವೆಗೆ ಯುಪಿಎಸ್‌ಸಿ ಪರೀಕ್ಷೆ ಇದೆ. ಯಾವ ಪದವಿ ಆದರೂ ನಡೆಯುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಅನ್ನೋ ಐಚ್ಛಿಕ ವಿಷಯವೂ ಇದೆ. ಅರ್ಜಿ ಕರೆದಾಗ ಹಾಕಿ. ನಮಸ್ಕಾರ.