ಮುಚ್ಚಿಗೆಯ ಮಣ್ಣು ಕೆರೆಸುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಹಳೆಯ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ರಿಪೇರಿಗೆ ಇಳಿದವರು ಮೊದಲು ಮಾಡಿಸುವ ಕೆಲಸ ಮುಚ್ಚಿಗೆಯ ಮೇಲಿನ ಮಣ್ಣು ಕೆರೆಸಿ ಹೊರಗೆ ಸುರಿಸುವುದು. ಭಾರ ಇಳಿಯುತ್ತದೆ, ಗೆದ್ದಲಿನ ಕಾಟ ತಪ್ಪುತ್ತದೆ ಅನ್ನುತ್ತಾರೆ. ಇರಬಹುದು. ಆದರೆ ಬೆಂಕಿ ಬಿದ್ದರೆ ಮನೆಯನ್ನು ಕಾಯಲು ಇದ್ದದ್ದೇ ಆ ಮಣ್ಣು.

ತೊಲೆಗಳ ಮೇಲೆ ಹಲಗೆ ಒತ್ತಾಗಿ ಜೋಡಿಸಿ, ಮೇಲೆ ಮಣ್ಣು ಹಾಸಿ ಬಡಿದು ಗಟ್ಟಿ ಮಾಡಿದ್ದು ಮುಚ್ಚಿಗೆ. ಅದರ ಮೇಲಿನ ಮಾಡಿಗೆ, ಅಂದರೆ ಛಾವಣಿಗೆ, ಆಗ ಮುಳಿಹುಲ್ಲು. ಹುಲ್ಲು ಉರಿದು ಕೆಂಡವಾಗಿ ಬಿದ್ದರೂ ಮಣ್ಣು ತಡೆಯುತ್ತಿತ್ತು. ಕೆಳಗಿದ್ದವರಿಗೆ ಭತ್ತದ ಮುಡಿ, ಧಾನ್ಯ ತುಂಬಿಡುವ ಪತ್ತಾಯ ಬಿಟ್ಟಾದರೂ ಹೊರಗೋಡಲು ಸಮಯ ಸಿಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕ್ರಮೇಣ ಹುಲ್ಲು ಹೋಯಿತು, ಕಿಡಿಯ ಹೆದರಿಕೆಯೂ ತಗ್ಗಿತು. ಈಗ ಹೆದರಬೇಕಾದದ್ದು ಅಟ್ಟದಲ್ಲಿ ಎಳೆದಿರುವ ಹಳೆಯ ವಯರಿಗೆ, ಅದರ ಪಕ್ಕದಲ್ಲೇ ಪೇರಿಸಿಟ್ಟ ಒಣ ಸೋಗೆ, ತೆಂಗಿನ ಸಿಪ್ಪೆಗೆ.

ನೀರು, ಕರೆಂಟು, ಎಚ್ಚರಿಕೆಯ ಗಂಟೆ ಯಾವುದನ್ನೂ ಕಾಯದೆ, ಹುಟ್ಟಿದ ಕೋಣೆಯಲ್ಲೇ ಬೆಂಕಿಯನ್ನು ಕಟ್ಟಿಹಾಕುವುದು ಗೋಡೆ, ಬಾಗಿಲು, ಮುಚ್ಚಿಗೆಗಳ ಕೆಲಸ. ಮರವೂ ನಾವು ಅಂದುಕೊಂಡಷ್ಟು ದುರ್ಬಲವಲ್ಲ. ಕಿರಾಲುಬೋಗಿಯಂಥ ಗಟ್ಟಿ ಮರ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರಿನಷ್ಟು ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ತಿರುಳಿಗೆ ಬಿಸಿ ತಾಗದಂತೆ ತಡೆಯುತ್ತದೆ. ಅರ್ಧ ಗಂಟೆ ಉರಿದರೂ ದಪ್ಪ ತೊಲೆ ಹೊರೆ ಹೊತ್ತು ನಿಂತಿರುತ್ತದೆ. ಅದನ್ನು ಕಿತ್ತು ಬದಲಿಗೆ ಹಾಕಿದ ಕಬ್ಬಿಣದ ಗರ್ಡರು, ಮೇಲೆ ಹೊದಿಕೆಯಿಲ್ಲದಿದ್ದರೆ, 600 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಅರ್ಧ ಬಲ ಕಳೆದುಕೊಳ್ಳುತ್ತದೆ. ಬೇಗ ಹೊತ್ತಿಕೊಳ್ಳುವುದು ಹಂಚಿನಡಿಯ ತೆಳು ಮರಗಳಾದ ರೀಪು, ಪಕ್ಕಾಸು, ಮತ್ತೆ ಚೆಂದಕ್ಕೆಂದು ಹೊಡೆಸಿದ ಪ್ಲೈವುಡ್ ಸೀಲಿಂಗು.

1970ರ ನವೆಂಬರ್ 30ರಂದು ಕೇರಳದ ಗುರುವಾಯೂರು ದೇವಸ್ಥಾನದ ಸುತ್ತುಪೌಳಿಗೆ ಬೆಂಕಿ ಬಿದ್ದು ಗಂಟೆಗಟ್ಟಲೆ ಉರಿಯಿತು. ಗರ್ಭಗುಡಿ ಉಳಿಯಿತು. ದೇವರ ಮಹಿಮೆ ಅನ್ನುವವರ ಜೊತೆ ನನ್ನದು ಜಗಳವಿಲ್ಲ. ನಡುವೆ ಬಿಟ್ಟಿದ್ದ ಒಳಾಂಗಣವನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತಷ್ಟೇ. ಅಂಥ ಅಂಗಳಕ್ಕೇ ನಾವೀಗ ಪ್ಲಾಸ್ಟಿಕ್ ಶೀಟು ಹೊದೆಸುತ್ತೇವೆ, ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಬಟ್ಟೆಯ ಚಪ್ಪರ ಕಟ್ಟಿ ಮಾಡಿಗೆ ಮಾಡು ಸೇರಿಸುತ್ತೇವೆ.

ನಡುವೆ ಅಂಗಳವಿಟ್ಟು ನಾಲ್ಕು ಸುತ್ತಲೂ ಕಟ್ಟಿದ ಮನೆಯಲ್ಲಿ ಅಟ್ಟ ಒಂದೇ ಉದ್ದಕ್ಕೆ ಸುತ್ತಿ ಬರುವುದುಂಟು. ಅಡುಗೆಮನೆಯ ಮೇಲೆ ಹತ್ತಿದ್ದು ಚಾವಡಿಗೆ ಬರುವುದು ತಡವಾಗದು. ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿ 2019ರಲ್ಲಿ ಸುಟ್ಟಾಗಲೂ ಅಟ್ಟದಲ್ಲಿ ತಡೆಗೋಡೆ ಇರಲಿಲ್ಲ. ಮತ್ತೆ ಕಟ್ಟುವಾಗ ಹಾಕಿದರು. ನಮಗೆ ಮುರಕಲ್ಲು, ಅಂದರೆ ಕೆಂಪುಕಲ್ಲು, ಕೈಗೆಟಕುವಷ್ಟು ಹತ್ತಿರ. ಕೆಳಗಿನ ಗೋಡೆಯನ್ನೇ ಹಂಚಿನ ಅಡಿಯವರೆಗೆ ಏರಿಸಿ ಸುಣ್ಣದ ಗಾರೆ ಬಳಿಸಿ. ವಯರು ಹೋಗಲು ಕೊರೆದ ತೂತಿಗೂ ಗಾರೆಯನ್ನೇ ತುಂಬಿಸಿ. ಅಂಗಡಿಯಲ್ಲಿ ಸಿಗುವ ಉಬ್ಬುವ ಹಳದಿ ಫೋಮ್ ಬೇಡ, ಸಾಮಾನ್ಯದ್ದು ತಾನೇ ಹೊತ್ತಿಕೊಳ್ಳುತ್ತದೆ.

ಗೆದ್ದಲು ಹಿಡಿದು ಮಣ್ಣು ತೆಗೆಯಲೇಬೇಕಾಗಿ ಬಂದರೆ, ಹಲಗೆ ಬದಲಿಸಿ, ತೊಲೆ ತಡೆಯುತ್ತದೆಯೇ ಎಂದು ತಿಳಿದ ಬಡಗಿಯಿಂದ ನೋಡಿಸಿ, ಅದೇ ಮಣ್ಣನ್ನು ಸುಣ್ಣ ಬೆರೆಸಿ ವಾಪಸು ಹಾಸಿ. ಹೊಸ ಮಣ್ಣಿನ ಖರ್ಚೂ ಉಳಿಯುತ್ತದೆ.

ನಮಸ್ಕಾರ.