ತೀರ್ಪು ಮೊದಲೇ ಗೊತ್ತಿದ್ದರೆ

ಕೇಳುಗರಿಗೆ ನಮಸ್ಕಾರ.

ಬೀದಿ ಕ್ರಿಕೆಟ್ಟಿನಲ್ಲಿ ಮೊದಲನೇ ಬಾಲು ಟ್ರಯಲ್. ಔಟಾದರೂ ಲೆಕ್ಕಕ್ಕಿಲ್ಲ. ಬಟ್ಟೆ ಅಂಗಡಿಯಲ್ಲಿ ಟ್ರಯಲ್ ರೂಮ್ ಇದೆ, ಹೊಸ ಮೆಟ್ರೊ ಮಾರ್ಗಕ್ಕೆ ಟ್ರಯಲ್ ರನ್ ಇದೆ. ಕೋರ್ಟಿನಲ್ಲೂ ಟ್ರಯಲ್, ಹೊಸ ಔಷಧಿಗೂ ಟ್ರಯಲ್. ಇವತ್ತು ಈ ಕೊನೆಯ ಎರಡರ ಬಗ್ಗೆ ಮಾತಾಡೋಣ. ಇಲ್ಲಿ ಔಟಾದರೆ ಲೆಕ್ಕಕ್ಕಿದೆ. ಸರ್ಕಾರಗಳು ತಮಗಾಗದವರ ಮೇಲೆ ನಡೆಸುವ ವಿಚಾರಣೆಯೂ ನಡುವೆ ಬರುತ್ತದೆ. ಅದರಿಂದಲೇ ಶುರು ಮಾಡುತ್ತೇನೆ.

1908ರ ಜುಲೈ. ಬೊಂಬಾಯಿ ಹೈಕೋರ್ಟು. ಕಟಕಟೆಯಲ್ಲಿ ಲೋಕಮಾನ್ಯ ತಿಲಕರು. ಮುಜಫರ್‌ಪುರದಲ್ಲಿ ಬಾಂಬ್ ಸಿಡಿದ ಮೇಲೆ 'ಕೇಸರಿ' ಪತ್ರಿಕೆಯಲ್ಲಿ ಬಂದ ಲೇಖನಗಳಿಗಾಗಿ ಅವರ ಮೇಲೆ ರಾಜದ್ರೋಹದ ಆರೋಪ. ಕಾನೂನಿನ ಪ್ರಕಾರ ಏನೇನಿರಬೇಕೋ ಎಲ್ಲವೂ ಇತ್ತು. ನ್ಯಾಯಾಧೀಶರಿದ್ದರು, ಸರ್ಕಾರಿ ವಕೀಲರಿದ್ದರು, ಒಂಬತ್ತು ಜನರ ಜ್ಯೂರಿಯೂ ಇತ್ತು. ಆ ಒಂಬತ್ತರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಲೇಖನಗಳು ಮರಾಠಿಯವು. ಕೋರ್ಟಿನ ಮುಂದಿದ್ದದ್ದು ಇಂಗ್ಲಿಷ್ ಅನುವಾದ. ನಾನು ಬರೆದದ್ದೇ ಒಂದು, ಇಲ್ಲಿ ಓದುತ್ತಿರುವುದೇ ಇನ್ನೊಂದು ಎಂದು ತಿಲಕರು ತಕರಾರು ಎತ್ತಿದರು. ತಮ್ಮ ವಾದವನ್ನು ತಾವೇ ಮಾಡಿದರು. ದಿನಗಟ್ಟಲೆ ನಡೆದ ಆ ವಾದ ಒಟ್ಟು 21 ಗಂಟೆ ದಾಟಿತು.

ಜುಲೈ 22ರ ರಾತ್ರಿ ಜ್ಯೂರಿ ಒಳಗೆ ಹೋಗಿ ಬಂತು. ಏಳು ಮತ ತಪ್ಪಿತಸ್ಥ ಎಂದು, ಎರಡು ಮತ ಅಲ್ಲ ಎಂದು. ನ್ಯಾಯಮೂರ್ತಿ ದಾವರ್ ಆರು ವರ್ಷದ ಗಡೀಪಾರು ವಿಧಿಸಿದರು. ಇದೇ ದಾವರ್ 1897ರಲ್ಲಿ ತಿಲಕರ ಮೇಲೆ ಮೊದಲ ರಾಜದ್ರೋಹದ ಕೇಸು ಬಿದ್ದಾಗ ವಕೀಲರಾಗಿ ಅವರ ಜಾಮೀನಿಗೆ ವಾದಿಸಿದ್ದವರು! ಕುರ್ಚಿ ಬದಲಾದರೆ ಮನುಷ್ಯ ಎಷ್ಟು ಬದಲಾಗುತ್ತಾನೆ ನೋಡಿ. ತಿಲಕರನ್ನು ಬರ್ಮಾದ ಮಂಡಾಲೆಗೆ ಸಾಗಿಸಿದರು. ಬೊಂಬಾಯಿಯ ಗಿರಣಿ ಕೆಲಸಗಾರರು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಮಗ್ಗ ನಿಲ್ಲಿಸಿದರು.

ಹದಿನಾಲ್ಕು ವರ್ಷದ ನಂತರ, 1922ರ ಮಾರ್ಚ್ 18ರಂದು, ರಾಜದ್ರೋಹದ ಅದೇ 124-ಎ ಸೆಕ್ಷನ್ ಕೆಳಗೆ ಗಾಂಧೀಜಿ ಅಹಮದಾಬಾದಿನಲ್ಲಿ ನಿಂತರು. ಉದ್ಯೋಗವೇನು ಎಂದು ಕೇಳಿದ್ದಕ್ಕೆ ಕೃಷಿಕ, ನೇಕಾರ ಎಂದು ಬರೆಸಿದ್ದರು. ತಿಲಕರು 21 ಗಂಟೆ ವಾದಿಸಿದರೆ ಗಾಂಧೀಜಿ ವಾದಿಸಲೇ ಇಲ್ಲ. ತಪ್ಪೊಪ್ಪಿಕೊಂಡು, ಈ ಕಾನೂನು ಸರಿ ಎಂದು ನಿಮಗೆ ಅನ್ನಿಸಿದರೆ ಅತಿ ಕಠಿಣ ಶಿಕ್ಷೆ ಕೊಡಿ, ಇಲ್ಲದಿದ್ದರೆ ರಾಜೀನಾಮೆ ಕೊಡಿ ಎಂದರು. ಎಲ್ಲ ಮುಗಿಯಲು ಎರಡು ಗಂಟೆಯೂ ಹಿಡಿಯಲಿಲ್ಲ. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ತಿಲಕರ ಕೇಸನ್ನೇ ಉದಾಹರಿಸಿ ಆರು ವರ್ಷ ಕೊಟ್ಟರು. ಸರ್ಕಾರ ಇದನ್ನು ಮುಂದೆ ಕಡಿಮೆ ಮಾಡಿದರೆ ನನ್ನಷ್ಟು ಸಂತೋಷ ಪಡುವವರು ಬೇರೆ ಇರಲಾರರು ಎಂದೂ ಸೇರಿಸಿದರು.

ಗಾಂಧೀಜಿ ಅಲ್ಲಿ ಮಾಡಿದ್ದಿಷ್ಟೇ ಅಲ್ವಾ: ಫಲಿತಾಂಶ ಮೊದಲೇ ಬರೆದಿಟ್ಟದ್ದು ಎಂಬುದನ್ನು ಎಲ್ಲರ ಎದುರಿಗೆ ಬಿಚ್ಚಿಟ್ಟರು. ರಾಜಕೀಯ ವಿಚಾರಣೆಯ ಗುರುತೇ ಅದು ಎಂದು ನನಗನ್ನಿಸುತ್ತದೆ. ಸಾಕ್ಷಿ, ಪಾಟೀಸವಾಲು, ಕಪ್ಪು ಕೋಟು ಎಲ್ಲ ಇರುತ್ತದೆ. ಏನಾಗುತ್ತದೋ ಎಂಬ ಅನುಮಾನ ಒಂದು ಇರುವುದಿಲ್ಲ.

ಇನ್ನು ವಿಜ್ಞಾನಕ್ಕೆ ಬರೋಣ. ಔಷಧಿ ಕಂಡುಹಿಡಿದವರಿಗೂ ಮೊದಲೇ ತೀರ್ಪು ಬರೆಯುವ ಆಸೆ ಇರುತ್ತದೆ. ತನ್ನ ಮದ್ದು ಒಳ್ಳೆಯದೆಂದು ಯಾರಿಗೆ ಅನ್ನಿಸುವುದಿಲ್ಲ? ಗೊತ್ತಿಲ್ಲದೆಯೇ ಗಟ್ಟಿಮುಟ್ಟಾದ ರೋಗಿಗೆ ಹೊಸ ಔಷಧಿ, ಸೊರಗಿದವನಿಗೆ ಹಳೆಯದು ಕೊಟ್ಟುಬಿಡಬಹುದು. ಆಮೇಲೆ ನೋಡಿ, ನಮ್ಮದೇ ಗೆದ್ದಿತು ಎನ್ನಬಹುದು.

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬ್ರಿಟನ್ನಿಗೆ ಕ್ಷಯದ ಹೊಸ ಔಷಧಿ ಸ್ಟ್ರೆಪ್ಟೊಮೈಸಿನ್ ಅಮೆರಿಕದಿಂದ ಬಂತು. ಬಂದದ್ದು ಬಹಳ ಸ್ವಲ್ಪ. ಎಲ್ಲರಿಗೂ ಕೊಡುವಷ್ಟು ಇರಲಿಲ್ಲ. ಹಾಗಾಗಿ ನಿಜವಾಗಿ ಪರೀಕ್ಷೆ ಮಾಡೋಣ ಎಂದು ಅಲ್ಲಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಹೊರಟಿತು. ಲೆಕ್ಕ ಹಾಕಿದವರು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್, ಅಂಕಿಅಂಶ ತಜ್ಞರು. ಅವರು ಮಾಡಿದ ಉಪಾಯ ಲಕೋಟೆ. ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು ಮತ್ತು ಒಂದು ನಂಬರ್. ಒಳಗೆ ಒಂದು ಕಾರ್ಡು: ಈ ರೋಗಿಗೆ ಇಂಜೆಕ್ಷನ್, ಅಥವಾ ಬರೀ ಹಾಸಿಗೆಯ ವಿಶ್ರಾಂತಿ. ಯಾವುದು ಯಾರಿಗೆ ಎಂಬುದು ಸುಮ್ನೆ ಚೀಟಿ ಎತ್ತಿದ ಹಾಗೆ, ಮೊದಲೇ ಅಂಕಿ ಕೋಷ್ಟಕ ನೋಡಿ ತೀರ್ಮಾನವಾಗಿತ್ತು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ಎಕ್ಸ್‌ರೇ ನೋಡುವವರಿಗೆ ಅದು ಯಾವ ಗುಂಪಿನವರದ್ದು ಎಂದು ತಿಳಿಸುವಂತಿಲ್ಲ.

107 ರೋಗಿಗಳು. ಆರು ತಿಂಗಳಲ್ಲಿ ಇಂಜೆಕ್ಷನ್ ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರು. ಬರೀ ವಿಶ್ರಾಂತಿಯಲ್ಲಿದ್ದ 52ರಲ್ಲಿ 14 ಮಂದಿ. 1948ರಲ್ಲಿ ವರದಿ ಬಂತು. ಆದರೆ ಅದೇ ವರದಿ ಇನ್ನೊಂದನ್ನೂ ಹೇಳಿತು: ಅನೇಕರಲ್ಲಿ ರೋಗಾಣು ಈ ಔಷಧಿಗೆ ಬಗ್ಗದಂತೆ ಬಲಿಯುತ್ತಿದೆ. ಕ್ಷಯಕ್ಕೆ ಒಂದೇ ಮದ್ದು ಸಾಲದು, ಎರಡು ಮೂರು ಕೂಡಿಸಿ ಕೊಡಬೇಕು ಎಂಬ ಈಗಿನ ಪದ್ಧತಿ ಅಲ್ಲಿಂದ ಮುಂದೆ ಬೆಳೆದದ್ದು. ಒಂದು ಮಾತು ಮರೆಯಬಾರದು. ಬರೀ ವಿಶ್ರಾಂತಿಯ ಗುಂಪಿನವರಿಗೆ ತಾವು ಪರೀಕ್ಷೆಯಲ್ಲಿದ್ದೇವೆ ಎಂದು ಹೇಳಿರಲೇ ಇಲ್ಲ. ಇವತ್ತು ಅದು ನಡೆಯುವುದಿಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು.

ನಮ್ಮ ಕಡೆ ಆಗ ಟಿಬಿ ಎಂದರೆ ಸ್ಯಾನಿಟೋರಿಯಂ. ಮೈಸೂರಿನವರಿಗೆ ಪಿ.ಕೆ. ಸ್ಯಾನಿಟೋರಿಯಂ ಎಂದರೆ ಸಾಕು, ಗೊತ್ತಾಗುತ್ತದೆ. ಊರಾಚೆ, ಒಳ್ಳೆ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಮಲಗುವುದು. ಹಾಸಿಗೆ ಎಷ್ಟು ಜನರಿಗೆ ಸಿಕ್ಕೀತು? 1956ರಲ್ಲಿ ಮದ್ರಾಸಿನಲ್ಲಿ ಒಂದು ಟ್ರಯಲ್ ಶುರುವಾಯಿತು. ಅಲ್ಲಿಯೂ ಚೀಟಿ ಎತ್ತಿದ ಹಾಗೇ ಹಂಚಿದರು. ಅರ್ಧದಷ್ಟು ಜನ ಸ್ಯಾನಿಟೋರಿಯಂಗೆ, ಉಳಿದವರು ತಮ್ಮ ಮನೆಗೆ. ಔಷಧಿ ಎರಡೂ ಕಡೆ ಒಂದೇ. ಮನೆಯಲ್ಲಿದ್ದವರು ಇಕ್ಕಟ್ಟಿನ ಬಡ ಕೇರಿಗಳವರು. ಊಟ ಅಷ್ಟಕ್ಕಷ್ಟೇ. ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ತಿಳಿಯಲು ಸಿಬ್ಬಂದಿ ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಒಂದು ವರ್ಷದ ನಂತರ ನೋಡಿದರೆ ಮನೆಯವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆ ಮಂದಿಗೆ ರೋಗ ತಗುಲಿದ್ದೂ ಜಾಸ್ತಿಯೇನಿರಲಿಲ್ಲ. 1959ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಳ್ಳುವ ಪದ್ಧತಿ ದೇಶಕ್ಕೆಲ್ಲ ಹಬ್ಬಿತು.

ಇಲ್ಲಿಯವರೆಗೆ ಎಲ್ಲ ಸಿಹಿ ಸುದ್ದಿ. ಟ್ರಯಲ್ಲಿನ ನಿಜವಾದ ಯೋಗ್ಯತೆ ತಿಳಿಯುವುದು ಸುದ್ದಿ ಕಹಿಯಾದಾಗ. 1968ರಿಂದ ತಮಿಳುನಾಡಿನ ಚೆಂಗಲಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಪರೀಕ್ಷೆ ನಡೆಯಿತು. ಕೆಲವರಿಗೆ ಲಸಿಕೆ, ಕೆಲವರಿಗೆ ಬರೀ ಹುಸಿ ಚುಚ್ಚುಮದ್ದು. ಅಷ್ಟೊತ್ತಿಗಾಗಲೇ ದೇಶದಲ್ಲಿ ಕೋಟಿಗಟ್ಟಲೆ ಜನರಿಗೆ ಬಿಸಿಜಿ ಹಾಕಿ ಆಗಿತ್ತು. ಗೆಲ್ಲಲಿ ಎಂದೇ ಎಲ್ಲರೂ ಕಾದಿದ್ದರು. ಹತ್ತು ವರ್ಷ ಕಳೆದ ಮೇಲೆ ಲೆಕ್ಕ ತೆಗೆದರೆ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆದಿರಲೇ ಇಲ್ಲ. ಆ ಫಲಿತಾಂಶವನ್ನು ಮುಚ್ಚಿಡಲಿಲ್ಲ, ಪ್ರಕಟಿಸಿದರು. ಪುಟ್ಟ ಮಕ್ಕಳಲ್ಲಿ ಮಿದುಳಿಗೆ ಏರುವಂಥ ಕ್ಷಯವನ್ನು ಬಿಸಿಜಿ ತಡೆಯುತ್ತದೆ. ಆ ಕಾರಣಕ್ಕೆ ಇವತ್ತಿಗೂ ಹುಟ್ಟಿದ ಮಗುವಿಗೆ ಹಾಕಿಸುತ್ತೇವೆ. ಆದರೆ ಅದರಿಂದ ದೊಡ್ಡವರಿಗೂ ರಕ್ಷಣೆ ಎಂಬ ಭ್ರಮೆ ಅಲ್ಲಿಗೆ ಹೋಯಿತು.

ತಮ್ಮ ಆಸೆಗೆ ತಾವೇ ಕಟ್ಟು ಹಾಕಿಕೊಳ್ಳುವ ಈ ಶಿಸ್ತು ಕೋರ್ಟಿನಲ್ಲೂ ಇಲ್ಲವೆಂದಲ್ಲ. ತಪ್ಪು ಸಾಬೀತಾಗುವ ತನಕ ನಿರಪರಾಧಿ ಎಂಬ ನಿಯಮ ಅದೇ ಜಾತಿಯದು. ಕಷ್ಟ ಇರುವುದು ಕಾಲದಲ್ಲಿ. ಔಷಧಿ ಟ್ರಯಲ್ ಯಾವಾಗ ಮುಗಿಯಬೇಕೆಂದು ಮೊದಲೇ ಬರೆದಿರುತ್ತಾರೆ. ಕೋರ್ಟಿನಲ್ಲಿ ಡೇಟ್ ಮೇಲೆ ಡೇಟ್. ನಮ್ಮ ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಿಚಾರಣಾಧೀನ ಕೈದಿಗಳು. ಅಂದರೆ ತೀರ್ಪು ಇನ್ನೂ ಬಂದಿಲ್ಲ, ಶಿಕ್ಷೆ ಮಾತ್ರ ನಡೆಯುತ್ತಿದೆ. ತಿಲಕರ ಕೇಸಿನಲ್ಲಿ ತೀರ್ಪು ಮೊದಲೇ ಸಿದ್ಧವಿತ್ತು ಎಂದು ಬೇಸರಪಡುತ್ತೇವೆ. ಈ ಜನರಿಗೆ ತೀರ್ಪಿನ ಅಗತ್ಯವೇ ಬೀಳುತ್ತಿಲ್ಲ.

ಅವರ ಮನೆಯವರು ಯಾರಾದರೂ ಕೇಳುತ್ತಿದ್ದರೆ ಇಷ್ಟು ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದವರಿಗೆ ಜಾಮೀನು ಸಿಗಬೇಕು. ಹಿಂದೆ ಯಾವತ್ತೂ ಶಿಕ್ಷೆಯಾಗದವರಿಗೆ ಮೂರರಲ್ಲೊಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. ಬೇರೆ ಕೇಸುಗಳೂ ಬಾಕಿ ಇದ್ದರೆ ತೊಡಕಾಗುತ್ತದೆ. ಅವಧಿ ತುಂಬಿದಾಗ ಕೋರ್ಟಿಗೆ ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಕೆಲಸ. ಹಾಕಿದ್ದಾರಾ ಎಂದು ವಿಚಾರಿಸಿ. ಬಂಧನದಲ್ಲಿರುವ ಯಾರಿಗೇ ಆಗಲಿ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ನಮಸ್ಕಾರ.